ಪಾಠ ಅರ್ಥವಾದದ್ದು ಯಾರಿಗೆ?

(ಕಲಬುರಗಿಯಲ್ಲಿ ಪ್ರೌಢಶಾಲೆಯ ಇಂಗ್ಲಿಷ್ ಶಿಕ್ಷಕರೆದುರು ಆಡಿದ ಮಾತುಗಳ ಬರಹ ರೂಪ)

ಬೋರ್ಡಿನ ಮೇಲೆ ಎರಡು ಸಾಲು ಬರೆದಿದ್ದೇನೆ, ಓದಿಕೊಳ್ಳಿ. "ಸಂಜೆಯಾಗುತ್ತಲೇ ಗುಬಕವು ತನ್ನ ಚಿರಡೆಯನ್ನು ಮೊಳಕಿನಲ್ಲಿ ಇಸುಕಿತು. ಅದನ್ನು ಕಂಡು ಡೊಣಬರೆಲ್ಲ ಲಮರಿದರು." ಈಗ ಪ್ರಶ್ನೆಗಳು. ಗುಬಕವು ಚಿರಡೆಯನ್ನು ಎಲ್ಲಿ ಇಸುಕಿತು? ಯಾವಾಗ ಇಸುಕಿತು? ಲಮರಿದವರು ಯಾರು?

ಎಲ್ಲರೂ ಉತ್ತರ ಹೇಳಿದಿರಿ, ಹಿಂದಿನ ಬೆಂಚಿನವರು ಇನ್ನೂ ಜೋರಾಗಿ ಹೇಳಿದಿರಿ. ಮೂರಕ್ಕೆ ಮೂರು ಅಂಕ. ಇನ್ನೊಂದು ಪ್ರಶ್ನೆ: ಗುಬಕ ಅಂದರೆ ಪ್ರಾಣಿಯೋ, ಯಂತ್ರವೋ? ಲಮರಿದರು ಅಂದರೆ ನಕ್ಕರೋ, ಅತ್ತರೋ? ಈಗ ಯಾರೂ ಮಾತಾಡುತ್ತಿಲ್ಲ. ಅವು ನಾನೇ ಕಟ್ಟಿದ ಪದಗಳು, ಯಾವ ನಿಘಂಟಿನಲ್ಲೂ ಸಿಗುವುದಿಲ್ಲ. ಒಂದಕ್ಷರವೂ ಅರ್ಥವಾಗದೆ ಪೂರ್ತಿ ಅಂಕ ತೆಗೆದುಕೊಳ್ಳಬಹುದು ಅನ್ನುವುದನ್ನು ನೀವೇ ಈಗ ಮಾಡಿ ತೋರಿಸಿದಿರಿ.

ನಮ್ಮ ಎಂಟನೇ, ಒಂಬತ್ತನೇ ತರಗತಿಯ ಮಕ್ಕಳು ಇಂಗ್ಲಿಷ್ ಪ್ರಶ್ನೋತ್ತರ ಬರೆಯುವುದು ಹೀಗೆಯೇ. ಪ್ರಶ್ನೆಯಲ್ಲಿ ಒಂದು ದೊಡ್ಡ ಪದ ಹುಡುಕುತ್ತಾರೆ, ಅದೇ ಪದ ಪಾಠದಲ್ಲಿ ಎಲ್ಲಿದೆ ಅಂತ ಬೆರಳಿಟ್ಟುಕೊಂಡು ಹೋಗುತ್ತಾರೆ, ಸಿಕ್ಕ ಸಾಲನ್ನು ಫುಲ್‌ಸ್ಟಾಪ್ ತನಕ ಇಳಿಸುತ್ತಾರೆ. ಅದಕ್ಕೂ ಜಾಣತನ ಬೇಕು, ಇಲ್ಲವೆನ್ನುವುದಿಲ್ಲ. ಆದರೆ ಅದು ಓದಲ್ಲ.

ನಾವು ಪಾಠ ಮಾಡುವ ರೀತಿ ನೋಡಿ. ಒಂದು ಪ್ಯಾರಾ ನಾವೇ ಓದುತ್ತೇವೆ. ಕನ್ನಡದಲ್ಲಿ ಅರ್ಥ ಹೇಳುತ್ತೇವೆ. ಮುಂದಿನ ಪ್ಯಾರಾ. ನಲವತ್ತು ನಿಮಿಷದಲ್ಲಿ ಒಂದೂವರೆ ಪುಟ. ಮಕ್ಕಳು ಬಾಯಿ ತೆರೆದು ಕೇಳುತ್ತಾರೆ, ಏಕೆಂದರೆ ನಿಮ್ಮಲ್ಲಿ ಅನೇಕರು ಕಥೆ ಚೆನ್ನಾಗಿ ಹೇಳುತ್ತೀರಿ. "ತಿಳೀತೇನ್ರಪಾ?" ಅಂದರೆ "ತಿಳೀತ್ರೀ ಸರ್" ಅನ್ನುತ್ತಾರೆ. ಸುಳ್ಳಲ್ಲ, ತಿಳಿದಿರುತ್ತದೆ. ಅವರಿಗೆ ತಿಳಿದದ್ದು ನಿಮ್ಮ ಕನ್ನಡ. ಇಂಗ್ಲಿಷ್ ಪಾಠವನ್ನು ಓದಿ ಅರ್ಥ ಮಾಡಿಕೊಂಡವರು ಆ ಕೋಣೆಯಲ್ಲಿ ಒಬ್ಬರೇ, ಅದು ನೀವು. ಆಮೇಲೆ ಉತ್ತರಗಳನ್ನು ಬೋರ್ಡಿನ ಮೇಲೆ ಬರೆಯುತ್ತೇವೆ, ಅಂದರೆ ಬರೆಯುವ ಕೆಲಸವನ್ನೂ ನಾವೇ ಮುಗಿಸುತ್ತೇವೆ. ಮಗುವಿಗೆ ಉಳಿಯುವುದು ನಕಲು.

ಇದು ನಮ್ಮ ಊರಿನ ರೋಗವೇನೂ ಅಲ್ಲ. ಡೊಲೊರೆಸ್ ಡರ್ಕಿನ್ ಎಂಬ ಸಂಶೋಧಕಿ 1970ರ ದಶಕದ ಕೊನೆಯಲ್ಲಿ ಅಮೆರಿಕದ ಶಾಲೆಗಳಲ್ಲಿ ಕೂತು ಗಡಿಯಾರ ನೋಡಿ ಲೆಕ್ಕ ಇಟ್ಟರು. ನಾಲ್ಕನೇ ತರಗತಿಯ ಓದಿನ ಪಾಠಗಳಲ್ಲಿ ಅರ್ಥ ಮಾಡಿಕೊಳ್ಳುವುದು ಹೇಗೆ ಅಂತ ಕಲಿಸಿದ ಸಮಯ ಶೇಕಡ ಒಂದಕ್ಕಿಂತ ಕಡಿಮೆ ಇತ್ತು. ಉಳಿದ ಹೊತ್ತಿನಲ್ಲಿ ಬಹಳಷ್ಟು ಪ್ರಶ್ನೆ ಕೇಳುವುದರಲ್ಲಿ, ವರ್ಕ್‌ಶೀಟ್ ತುಂಬಿಸುವುದರಲ್ಲಿ ಹೋಗಿತ್ತು. ಅರ್ಥವಾಗಿದೆಯೇ ಎಂದು ಪರೀಕ್ಷಿಸುವುದನ್ನೇ ನಾವು ಅರ್ಥ ಮಾಡಿಕೊಳ್ಳಲು ಕಲಿಸುವುದು ಅಂದುಕೊಂಡಿದ್ದೇವೆ.

ಇಲ್ಲಿ ಒಂದು ಸೂತ್ರ ಹೇಳಿಬಿಡುತ್ತೇನೆ, ಗಣಿತದ ಮೇಷ್ಟ್ರುಗಳಿಗೂ ಹಿಡಿಸುವಂಥದ್ದು. ಗಫ್ ಮತ್ತು ಟನ್‌ಮರ್ ಎಂಬಿಬ್ಬರು ಸಂಶೋಧಕರು 1986ರಲ್ಲಿ ಹೇಳಿದ್ದು: ಓದಿನ ಅರ್ಥಗ್ರಹಣ ಅಂದರೆ ಅಕ್ಷರ ಬಿಡಿಸಿ ಓದುವ ಶಕ್ತಿ ಗುಣಿಸು ಆ ಭಾಷೆಯನ್ನು ಕೇಳಿದರೆ ತಿಳಿಯುವ ಶಕ್ತಿ. ಕೂಡಿಸುವುದಲ್ಲ, ಗುಣಿಸುವುದು. ಒಂದು ಕಡೆ ಸೊನ್ನೆ ಇದ್ದರೆ ಇನ್ನೊಂದು ಕಡೆ ಎಷ್ಟೇ ಇರಲಿ, ಬರುವುದು ಸೊನ್ನೆಯೇ. ನಿಮ್ಮ ತರಗತಿಯಲ್ಲಿ ಎರಡು ಥರದ ಮಕ್ಕಳಿದ್ದಾರೆ. ಕೆಲವರು ಗಡಗಡ ಓದುತ್ತಾರೆ, ಏನು ಓದಿದೆ ಅಂದರೆ ಗೊತ್ತಿಲ್ಲ. ಇನ್ನು ಕೆಲವರು ನೀವು ಓದಿ ಹೇಳಿದರೆ ಹಿಡಿಯುತ್ತಾರೆ, ಪುಸ್ತಕ ಕೈಗೆ ಕೊಟ್ಟರೆ ಮೊದಲನೇ ಸಾಲಿನಲ್ಲೇ ನಿಲ್ಲುತ್ತಾರೆ. ಇಬ್ಬರೂ ಪರೀಕ್ಷೆಯಲ್ಲಿ ಒಂದೇ ಅಂಕ ತೆಗೆಯುತ್ತಾರೆ, ಆದರೆ ಇಬ್ಬರಿಗೂ ಒಂದೇ ಔಷಧ ನಡೆಯುವುದಿಲ್ಲ. ಜೂನ್‌ನಲ್ಲಿ ಸೇತುಬಂಧ ಮಾಡುತ್ತೀರಲ್ಲ, ಹಿಂದಿನ ತರಗತಿಯ ಕಲಿಕೆ ಎಷ್ಟಿದೆ ಅಂತ ನೋಡುವ ವರ್ಷಾರಂಭದ ಪಾಠಗಳು, ಆಗ ಕಂಡುಹಿಡಿಯಬೇಕಾದದ್ದು ಇದನ್ನೇ. ಮಗುವನ್ನು ಪಕ್ಕಕ್ಕೆ ಕರೆದು ಐದು ಸಾಲು ಓದಿಸಿ, ಇನ್ನೊಂದು ಐದು ಸಾಲು ನೀವು ಓದಿ ಹೇಳಿ, ಎರಡಕ್ಕೂ ಕಥೆ ಕೇಳಿ. ಯಾವ ಕಡೆ ಸೊನ್ನೆ ಅಂತ ಆ ಹೊತ್ತಿಗೇ ಗೊತ್ತಾಗುತ್ತದೆ.

ಬಿಡಿಸಿ ಓದಲು ಬಾರದವರ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಕನ್ನಡದಲ್ಲಿ ಬರೆದಂತೆ ಓದು, ಓದಿದಂತೆ ಬರೆ. ಇಂಗ್ಲಿಷಿನಲ್ಲಿ 26 ಅಕ್ಷರ, ಸುಮಾರು 44 ಧ್ವನಿ. ಕ್ಯಾಟ್, ಕೇಕ್, ಕಾರ್, ಕಾಲ್ ನಾಲ್ಕರಲ್ಲೂ ಇರುವುದು ಅದೇ ಎ ಅಕ್ಷರ. ಕನ್ನಡದ ಲೆಕ್ಕದಲ್ಲಿ ಬೆಳೆದ ಮಗುವಿಗೆ ಇದು ಮೋಸ ಅನ್ನಿಸುತ್ತದೆ, ನ್ಯಾಯವಾಗಿಯೇ. ಹಾಗಾಗಿ ಇಂಗ್ಲಿಷ್ ಸಾಲಿನ ಮೇಲೆ ಪೆನ್ಸಿಲಿನಲ್ಲಿ ಕನ್ನಡ ಅಕ್ಷರ ಬರೆದುಕೊಳ್ಳುತ್ತಾರೆ. ಕೆಲವರು ಅದನ್ನು ಕಂಡರೆ ಕಿವಿ ಹಿಂಡುತ್ತಾರೆ. ಕಿವಿ ಹಿಂಡಬೇಡಿ ಅನ್ನುತ್ತೇನೆ ನಾನು. ಆ ಬರಹ ಸ್ವಲ್ಪ ದಿನ ಇರಲಿ. ಆದರೆ ಅದರ ಜೊತೆಗೆ ಒಂದೇ ಧ್ವನಿಯ ಪದಗಳನ್ನು ಗುಂಪು ಮಾಡಿ ದಿನಾ ಹತ್ತು ನಿಮಿಷ ಓದಿಸಿ. ಅದೇ ಚಿಕ್ಕ ಪ್ಯಾರಾವನ್ನು ಜೋಡಿಯಲ್ಲಿ ಕೂತು ಮತ್ತೆ ಮತ್ತೆ ಓದಲಿ, ನಾಲಿಗೆ ಹೊರಳುವ ತನಕ. ಹತ್ತನೇ ತರಗತಿಯಲ್ಲಿ ಇದನ್ನು ಮಾಡಿಸಲು ನಾಚಿಕೆಪಡಬೇಡಿ. ಎಂಟನೆಯಲ್ಲಿ ಮಾಡಿಸದಿದ್ದಕ್ಕೆ ಹತ್ತರಲ್ಲಿ ಮಾಡಿಸಬೇಕಾಗುತ್ತದೆ.

ಈಗ ನನಗೆ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಮೂರು ವಾಕ್ಯ ಕೊಡುತ್ತೇನೆ, ನಿಮ್ಮ ತರಗತಿಗೆ ಒಯ್ಯಿರಿ. "ಮಲ್ಲಪ್ಪ ಸೋಲ್ಡ್ ದಿ ಬುಲ್ಲಕ್ಸ್ ಬಿಫೋರ್ ಹಿಸ್ ಸನ್ ಕೇಮ್ ಹೋಮ್. ಹಿ ವಾಸ್ ಆಂಗ್ರಿ. ಬಟ್ ಹಿ ಸೆಡ್ ನಥಿಂಗ್." ಇಷ್ಟೇ. ಅರ್ಥ ಹೇಳಬೇಡಿ. ಗೊತ್ತಿಲ್ಲದ ಪದ ಯಾವುದು ಅಂತ ಮಾತ್ರ ಕೇಳಿ, ಬುಲ್ಲಕ್ ಅಂದರೆ ಎತ್ತು ಅಂತ ಹೇಳಿಬಿಡಿ, ಅದರಲ್ಲೇನೂ ತಪ್ಪಿಲ್ಲ. ಆಮೇಲೆ ಕೇಳಿ: ಸಿಟ್ಟು ಬಂದದ್ದು ಯಾರಿಗೆ?

ಅರ್ಧ ಕ್ಲಾಸು ಮಲ್ಲಪ್ಪ ಅನ್ನುತ್ತದೆ, ಏಕೆಂದರೆ ಸಾಲಿನಲ್ಲಿ ಮೊದಲು ಬಂದ ಹೆಸರು ಅದೇ. ಉಳಿದರ್ಧ ಮಗ ಅನ್ನುತ್ತದೆ. ನೀವು ತೀರ್ಪು ಕೊಡಬೇಡಿ. "ಯಾಕ?" ಅನ್ನಿ. "ಮಗಗ ಕೇಳ್ಲಾರ್ದೆ ಮಾರ್ಯಾನಲ್ರೀ" ಅಂತ ಒಬ್ಬ ಹೇಳುತ್ತಾನೆ. ಕೇಳದೆ ಮಾರಿದ್ದು ಅಂತ ಎಲ್ಲಿದೆ, ಪದ ತೋರಿಸು ಅನ್ನಿ. ಹುಡುಕುತ್ತಾರೆ. ಯಾರಾದರೊಬ್ಬರ ಬೆರಳು ಬಿಫೋರ್ ಮೇಲೆ ಬಂದು ನಿಲ್ಲುತ್ತದೆ. ಅಲ್ಲಿ ನಿಂತ ಆ ಬೆರಳು ಇದೆಯಲ್ಲ, ಅದು ಓದುತ್ತಿದೆ. ಮಗ ಎಲ್ಲಿಗೆ ಹೋಗಿದ್ದ ಅಂತ ಕೇಳಿ. ಸಾಲಿನಲ್ಲಿ ಇಲ್ಲ. ಆದರೂ ಉತ್ತರ ಬರುತ್ತದೆ: "ಪುಣೆಕ ದುಡ್ಯಾಕ ಹೋಗಿದ್ನ್ರಿ." ಯಾಕೆ ಅವನು ಏನೂ ಮಾತಾಡಲಿಲ್ಲ? "ಅಪ್ಪಗ ಎದುರಾಡಬಾರ್ದಂತ ಸುಮ್ಮ ಕುಂತಾನ್ರಿ." ಇನ್ನೊಬ್ಬಳು, "ಅಪ್ಪಗ ಸಾಲ ಇತ್ತಂತ ಅವಗ ಗೊತ್ತದ್ರೀ." ಈಗ ನೀವು ಮಾಡಬೇಕಾದ ಕೆಲಸ ಒಂದಿದೆ, ಇದನ್ನು ಬಿಟ್ಟರೆ ಪಾಠ ಹರಟೆಯಾಗುತ್ತದೆ. ಪುಣೆ, ಸಾಲ ಇವು ಸಾಲಿನಿಂದ ಬಂದದ್ದೋ, ನಮ್ಮ ತಲೆಯಿಂದ ಬಂದದ್ದೋ? ಬೋರ್ಡಿನ ಎಡಕ್ಕೆ ಸಾಲು ಹೇಳಿದ್ದು, ಬಲಕ್ಕೆ ನಾವು ಊಹಿಸಿದ್ದು. ಎರಡೂ ಬೇಕು, ಆದರೆ ಯಾವುದು ಯಾವುದು ಅಂತ ಮಗುವಿಗೆ ಗೊತ್ತಿರಬೇಕು.

ಈ ಊಹೆಗೆ ಆಧಾರ ನಮ್ಮ ಮಕ್ಕಳ ಬದುಕು. 1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ ಅನ್ನುವವರು ಬೇಸ್‌ಬಾಲ್ ಆಟದ ಮೇಲೆ ಒಂದು ಬರಹವನ್ನು ಶಾಲಾ ಮಕ್ಕಳಿಗೆ ಓದಿಸಿ ನೋಡಿದರು. ಓದಿನಲ್ಲಿ ಹಿಂದಿದ್ದು ಆಟ ಚೆನ್ನಾಗಿ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದ ಮಕ್ಕಳಿಗಿಂತ ಹೆಚ್ಚು ಅರ್ಥ ಮಾಡಿಕೊಂಡಿದ್ದರು. ನಮ್ಮಲ್ಲಿ ಬೇಸ್‌ಬಾಲ್ ಬದಲು ತೊಗರಿ ಹಾಕಿಕೊಳ್ಳಿ. ಬಿತ್ತನೆ, ಕೀಟ, ಎಪಿಎಂಸಿ ದರ, ಡಿಸೆಂಬರ್ ಜನವರಿಯ ರಾಶಿ, ಇವುಗಳ ಬಗ್ಗೆ ಸೇಡಂ, ಚಿಂಚೋಳಿ ಕಡೆಯ ಹುಡುಗನಿಗೆ ಇಂಗ್ಲಿಷ್ ಮೇಷ್ಟ್ರಿಗಿಂತ ಹೆಚ್ಚು ಗೊತ್ತು. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್ ಸಿಕ್ಕಿತಲ್ಲ, ಆ ಸುದ್ದಿಯನ್ನು ಎಂಟು ಸರಳ ಇಂಗ್ಲಿಷ್ ವಾಕ್ಯಗಳಲ್ಲಿ ನೀವೇ ಬರೆದು ಓದಿಸಿ ನೋಡಿ. ಪಠ್ಯದ ಪಾಠದಲ್ಲಿ ತೂಕಡಿಸುವ ಹುಡುಗ ನಿಮ್ಮ ವಾಕ್ಯದಲ್ಲಿ ತಪ್ಪು ಹುಡುಕುತ್ತಾನೆ.

ಪಠ್ಯಪುಸ್ತಕ ಬೇಡ ಅಂತ ಹೇಳುತ್ತಿಲ್ಲ. ಆದರೆ ಒಂದು ಅಳತೆ ನೆನಪಿಡಿ. ಹೂ ಮತ್ತು ಪಾಲ್ ನೇಷನ್ ಎಂಬ ಭಾಷಾ ಸಂಶೋಧಕರು 2000ನೇ ಇಸವಿಯಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಯಾರ ಸಹಾಯವೂ ಇಲ್ಲದೆ ಓದಿ ಅರ್ಥ ಮಾಡಿಕೊಳ್ಳಲು ಸುಮಾರು 98 ಶೇಕಡ ಪದಗಳು ಗೊತ್ತಿರಬೇಕು. ನೂರು ಪದಕ್ಕೆ ಎರಡು ಗೊತ್ತಿಲ್ಲದಿದ್ದರೆ ನಡೆದೀತು. ನಿಮ್ಮ ಮಕ್ಕಳಿಗೆ ಪಾಠದ ಒಂದು ಪುಟ ಕೊಟ್ಟು ತಿಳಿಯದ ಪದಕ್ಕೆಲ್ಲ ಗೆರೆ ಹಾಕಿ ಅನ್ನಿ. ಪುಟ ಗೆರೆಗಳಿಂದ ತುಂಬಿಹೋಗುತ್ತದೆ. ಆ ಪುಟ ನಿಮ್ಮ ಜೊತೆ ಓದುವುದಕ್ಕೆ, ಮಗು ತಾನೇ ಓದುವುದಕ್ಕಲ್ಲ. ತಾನೇ ಓದಲು ಬೇರೆಯದು ಬೇಕು, ಐದು ಆರನೇ ತರಗತಿಯ ಮಟ್ಟದ್ದು. ಪ್ರಥಮ್ ಬುಕ್ಸ್‌ನವರ ಕಥೆಗಳ ಜಾಲತಾಣ ಸ್ಟೋರಿವೀವರ್ 2015ರಿಂದ ಇದೆ, ಪುಕ್ಕಟೆ, ಕಥೆಗಳನ್ನು ಹಂತ ಹಂತವಾಗಿ ವಿಂಗಡಿಸಿದ್ದಾರೆ. ಮುದ್ರಿಸಿ ಹಂಚಿದರೆ ಯಾರೂ ಕೇಸು ಹಾಕುವುದಿಲ್ಲ, ಲೈಸೆನ್ಸೇ ಹಾಗಿದೆ.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ, ಕ್ಷಮಿಸಿ. ನೂರು ವರ್ಷದ ಹಿಂದೆ ಢಾಕಾದಲ್ಲಿ ಮೈಕೇಲ್ ವೆಸ್ಟ್ ಎಂಬ ಇಂಗ್ಲಿಷರವನೊಬ್ಬ ಇದೇ ಪ್ರಶ್ನೆ ಹಿಡಿದುಕೊಂಡು ಕೂತಿದ್ದ. ಬಂಗಾಳದ ಹುಡುಗರಿಗೆ ಇಂಗ್ಲಿಷ್ ಮಾತಾಡುವ ನೆರೆಹೊರೆ ಇಲ್ಲ, ಅರ್ಧದಲ್ಲೇ ಶಾಲೆ ಬಿಡುವವರೇ ಬಹಳ, ಹಾಗಿರುವಾಗ ಅವರಿಗೆ ಮೊದಲು ದಕ್ಕಬೇಕಾದದ್ದು ಓದು ಅನ್ನುವುದು ಅವನ ವಾದ. ಅದಕ್ಕಾಗಿ ಪದಗಳನ್ನು ಅಳೆದು ಓದುಪುಸ್ತಕ ಬರೆದ. 1953ರಲ್ಲಿ ಸುಮಾರು ಎರಡು ಸಾವಿರ ಬಳಕೆಯ ಪದಗಳ ಪಟ್ಟಿಯನ್ನೂ ಹೊರತಂದ. ನಮ್ಮ ತಾಂಡಾದ ಹುಡುಗಿಯನ್ನು ನೆನೆಯಿರಿ. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ, ಅದರ ಮೇಲೆ ಹಿಂದಿ, ಇಂಗ್ಲಿಷ್. ಸಂಜೆ ಅವಳ ಜೊತೆ ಇಂಗ್ಲಿಷ್ ಮಾತಾಡುವವರು ಯಾರು? ಪುಸ್ತಕವೊಂದೇ. ಸ್ಪೋಕನ್ ಇಂಗ್ಲಿಷ್ ಅಂತ ಎಲ್ಲ ಕಡೆ ಬೋರ್ಡು ನೇತಾಡುವ ಈ ಕಾಲದಲ್ಲಿ ವೆಸ್ಟ್ ಮಾತು ಹಳೆಯದು ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ.

ಇನ್ನೊಬ್ಬರು ನಮ್ಮವರೇ, ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು. 1979ರಿಂದ 1984ರ ತನಕ ಬೆಂಗಳೂರನ್ನು ನೆಲೆ ಮಾಡಿಕೊಂಡು ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ವ್ಯಾಕರಣ ಬಿಟ್ಟು ಮಕ್ಕಳಿಗೆ ಲೆಕ್ಕದಂಥ ಕೆಲಸ ಕೊಟ್ಟರು: ರೈಲು ವೇಳಾಪಟ್ಟಿ ಓದು, ನಕ್ಷೆ ನೋಡಿ ದಾರಿ ಹೇಳು. ಇಂಗ್ಲಿಷ್ ತಿಳಿಯದೆ ಕೆಲಸ ಮುಗಿಯುವುದಿಲ್ಲ. ಜಗತ್ತಿನಾದ್ಯಂತ ಶಿಕ್ಷಕ ತರಬೇತಿಯಲ್ಲಿ ಇದನ್ನು ಓದಿಸುತ್ತಾರೆ, ನಮ್ಮ ತರಬೇತಿಗಳಲ್ಲಿ ಅಪರೂಪ. ವಾಡಿ ಜಂಕ್ಷನ್ ಪಕ್ಕದಲ್ಲೇ ಇರುವ ನಮಗೆ ವೇಳಾಪಟ್ಟಿಗೆ ಏನು ಬರ? ಸೇಡಂನಿಂದ ಹೊರಟವನು ವಾಡಿಯಲ್ಲಿ ಗಾಡಿ ಬದಲಿಸಿ ಹನ್ನೊಂದರೊಳಗೆ ಯಾದಗಿರಿ ತಲುಪಬೇಕು, ಯಾವ ಗಾಡಿ ಹತ್ತಬೇಕು, ಎಷ್ಟು ಹೊತ್ತು ಕಾಯಬೇಕು? ಇಂಗ್ಲಿಷ್ ವೇಳಾಪಟ್ಟಿ ಕೊಟ್ಟು ಗುಂಪಿನಲ್ಲಿ ಕೂರಿಸಿ. ಒಳಗೊಳಗೆ ಅವರು ಕನ್ನಡ, ಉರ್ದು ಏನೇ ಮಾತಾಡಲಿ.

ಇದಕ್ಕೇ ಅಂಟಿಕೊಂಡ ಮಾತು, ಮಾತೃಭಾಷೆಯದು. ಅರ್ಥವಾಗಿದೆಯೇ ಅಂತ ತಿಳಿಯಬೇಕಾದರೆ ಕನ್ನಡದಲ್ಲಿ ಉತ್ತರ ಬಂದರೂ ಪೂರ್ತಿ ಒಪ್ಪಿಕೊಳ್ಳಿ. ಇಂಗ್ಲಿಷಿನಲ್ಲಿ ಉತ್ತರ ಬರೆಯದ ಮಗುವಿಗೆ ಓದಿದ್ದು ತಿಳಿದಿಲ್ಲ ಅಂತ ನಾವು ತೀರ್ಮಾನಿಸುತ್ತೇವೆ. ತಿಳಿದಿರಬಹುದು, ಹೇಳಲು ಇಂಗ್ಲಿಷ್ ಇಲ್ಲದಿರಬಹುದು. ಎರಡನ್ನೂ ಒಟ್ಟಿಗೆ ಅಳೆದರೆ ಯಾವುದನ್ನು ಕಲಿಸಬೇಕು ಅಂತ ನಿಮಗೇ ಗೊತ್ತಾಗುವುದಿಲ್ಲ. ನಾನು ಬೇಡ ಅನ್ನುವುದು ಒಂದನ್ನೇ: ಮಗು ಸಾಲಿಗೆ ಕಣ್ಣು ಹಾಯಿಸುವ ಮೊದಲೇ ಕನ್ನಡದಲ್ಲಿ ಪೂರ್ತಿ ಕಥೆ ಹೇಳಿಬಿಡುವುದನ್ನು.

ಈಗ ಬರವಣಿಗೆ. ಮಲ್ಲಪ್ಪನ ಪಾಠ ಮುಗಿದ ದಿನವೇ, ಅದೇ ಪೀರಿಯಡ್‌ನಲ್ಲಿ ಬರೆಸಿ. ಮರುದಿನ ಬೆಳಿಗ್ಗೆ ಮಗ ಅಪ್ಪನಿಗೆ ಏನಂದ? ಎರಡು ಸಾಲು. ಇಂಥದ್ದು ಬರುತ್ತದೆ: "ಸನ್ ಫಾದರ್ ಆಸ್ಕ್, ವೈ ಯು ಬುಲ್ಲಕ್ ಸೇಲ್. ಫಾದರ್ ಸೇ, ಯುವರ್ ಸಿಸ್ಟರ್ ಮ್ಯಾರೇಜ್." ಕೆಂಪು ಪೆನ್ನು ತುದಿಗಾಲಲ್ಲಿ ನಿಂತಿರುತ್ತದೆ. ಸ್ವಲ್ಪ ತಡೆಯಿರಿ. ಆ ಮಗು ಒಂದು ಕಥೆ ಮುಗಿಸಿದೆ, ತಂಗಿಯ ಮದುವೆಗೆ ಎತ್ತು ಹೋಯಿತು ಅಂತ ಮೂರೇ ಪದದಲ್ಲಿ ಹೇಳಿದೆ. ಮೊದಲು ಅದಕ್ಕೆ ಉತ್ತರ ಬರೆಯಿರಿ, ಓದುಗರಾಗಿ. ಆಮೇಲೆ ಒಂದೇ ಜಾತಿಯ ತಪ್ಪು ಹಿಡಿಯಿರಿ. ಇಲ್ಲಿ ಹಿಡಿಯಬೇಕಾದದ್ದು ಕ್ರಿಯಾಪದದ ಜಾಗ. ನಮ್ಮಲ್ಲಿ ಅದು ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ ಬರಬೇಕು. ಈ ವಾರ ಅದೊಂದೇ. ಕಾಲದ ತಪ್ಪು, ಆರ್ಟಿಕಲ್ ತಪ್ಪು ಕಣ್ಣಿಗೆ ಚುಚ್ಚಿದರೂ ಸುಮ್ಮನಿರಿ. ಒಂದು ಪುಟಕ್ಕೆ ಇಪ್ಪತ್ತು ಕೆಂಪು ಗೆರೆ ಬಿದ್ದರೆ ಮಗು ಕಲಿಯುವುದು ಒಂದೇ ವಿದ್ಯೆ, ಮುಂದಿನ ಸಲ ಕಡಿಮೆ ಬರೆಯುವುದು. ಅರವತ್ತು ಮಕ್ಕಳಿರುವ ಕಡೆ ಎಲ್ಲರದ್ದೂ ತಿದ್ದಲಾಗದು, ಗೊತ್ತಿದೆ. ಒಬ್ಬರದ್ದನ್ನು ಕೇಳಿ ಪಡೆದು, ಹೆಸರಿಲ್ಲದೆ ಬೋರ್ಡಿಗೆ ಹಾಕಿ, ಇಡೀ ಕ್ಲಾಸು ಸೇರಿ ತಿದ್ದಲಿ. ಆಮೇಲೆ ಎಲ್ಲರೂ ತಮ್ಮ ತಮ್ಮದಕ್ಕೆ ಮರಳಲಿ.

ರಜಾ ಅರ್ಜಿ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. "ಆಸ್ ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್." ಕಲ್ಯಾಣ ಕರ್ನಾಟಕದ ಮಕ್ಕಳಿಗೆಲ್ಲ ಒಂದೇ ಕಾಯಿಲೆ. ರಾಶಿ ಇದೆ, ಶರಣಬಸವೇಶ್ವರ ಜಾತ್ರೆ ಇದೆ, ಬಂದೇನವಾಜ್ ಉರುಸಿಗೆ ನೆಂಟರು ಬಂದಿದ್ದಾರೆ, ಅವ್ವ ಕೂಲಿಗೆ ಹೋದರೆ ತಮ್ಮನನ್ನು ನೋಡಿಕೊಳ್ಳುವವರಿಲ್ಲ. ರಜೆಯ ನಿಜವಾದ ಕಾರಣಗಳು ಇವು. ಇವನ್ನೇ ಬರೆಸಿ. ಅರ್ಜಿಯ ಚೌಕಟ್ಟು ಕಲಿಸುವುದು ಒಂದು ದಿನದ ಕೆಲಸ, ಚೌಕಟ್ಟಿನೊಳಗೆ ಹೇಳಲು ಏನಾದರೂ ಇರಬೇಕು. ಕೆಕೆಆರ್‌ಟಿಸಿ ಡಿಪೊ ವ್ಯವಸ್ಥಾಪಕರಿಗೆ, ಶಾಲೆ ಬಿಡುವ ಹೊತ್ತಿಗೆ ಬಸ್ಸು ನಿಲ್ಲಿಸಿ ಅಂತ ಕ್ಲಾಸೆಲ್ಲ ಸೇರಿ ಇಂಗ್ಲಿಷಿನಲ್ಲಿ ಒಂದು, ಕನ್ನಡದಲ್ಲಿ ಒಂದು ಬರೆದು, ಅಂಚೆಗೆ ನಿಜವಾಗಿ ಹಾಕಿ. ಓದುವವರೊಬ್ಬರು ಇದ್ದಾರೆ ಅಂದಾಗ ಅಕ್ಷರ ದುಂಡಗಾಗುತ್ತವೆ.

ಪರೀಕ್ಷೆ ಮರೆತಿದ್ದೇನೆ ಅಂದುಕೊಳ್ಳಬೇಡಿ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಯಾದಗಿರಿ ರಾಜ್ಯಕ್ಕೇ ಕೊನೆ, 2025ರ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಕೊನೆ, ಶೇಕಡ 42.43. ಮೇಲಿನಿಂದ ಒತ್ತಡ ಬರುತ್ತದೆ, ನೀವು ಪಾಸಿಂಗ್ ಪ್ಯಾಕೇಜ್, ಅಂದರೆ ಪಾಸಾಗುವಷ್ಟಕ್ಕೆ ಬಾಯಿಪಾಠ ಮಾಡಿಸುವ ಪ್ರಶ್ನೋತ್ತರಗಳ ಕಟ್ಟು, ಹಿಡಿಯುತ್ತೀರಿ. ಜನವರಿಯ ನಂತರ ಹಿಡಿಯಿರಿ, ನಾನು ಆಕ್ಷೇಪಿಸುವುದಿಲ್ಲ. ಆದರೆ ವೆಬ್‌ಕಾಸ್ಟಿಂಗ್ ಬಂದು ಕೊಠಡಿಗೆ ಕ್ಯಾಮೆರಾ ಬಂದ ಮೇಲೆ ಫಲಿತಾಂಶ ಕುಸಿದದ್ದನ್ನು ನಾವೆಲ್ಲ ನೋಡಿದೆವು. ಬಾಯಿಪಾಠದ ಪ್ಯಾಕೇಜಿನಲ್ಲಿ ಹಿಡಿಯಲಾಗದ ಒಂದು ಭಾಗ ಪ್ರಶ್ನೆಪತ್ರಿಕೆಯಲ್ಲೇ ಇದೆ: ಮಗು ಹಿಂದೆಂದೂ ನೋಡಿರದ ಗದ್ಯಭಾಗ, ಚಿತ್ರ ನೋಡಿ ಬರೆಯುವುದು, ಸುಳಿವು ಕೊಟ್ಟು ಕಥೆ ಬೆಳೆಸುವುದು. ಮಲ್ಲಪ್ಪನ ಎತ್ತಿನ ಥರದ ಮೂರು ಸಾಲನ್ನು ಜೂನ್‌ನಿಂದ ವಾರಕ್ಕೊಮ್ಮೆ ಓದಿ, ಜಗಳಾಡಿ, ಎರಡು ಸಾಲು ಬರೆದ ಮಗುವಿಗೆ ಈ ಅಂಕಗಳು ಹತ್ತಿರ. ಪಾಠಗಳು ಮುಗಿಯುವುದಿಲ್ಲವಲ್ಲ ಅಂತೀರಿ. ಎಲ್ಲ ಪಾಠವನ್ನೂ ಒಂದೇ ತೂಕದಲ್ಲಿ ಮಾಡಬೇಡಿ. ಎರಡು ಮೂರನ್ನು ಮನಸಾರೆ, ಮಕ್ಕಳ ಕೈಯಿಂದಲೇ ಬಿಡಿಸಿ. ಉಳಿದವನ್ನು ಬೇಗ ದಾಟಿ.

ಒಬ್ಬ ಮೇಡಂ ಚೀಟಿ ಕಳಿಸಿದ್ದಾರೆ: "ಬೋರ್ಡ್ ಮೇಲೆ ಉತ್ತರ ಬರೆಸದಿದ್ದರೆ ನೋಟ್‌ಬುಕ್ ಖಾಲಿ ಇರುತ್ತದೆ, ತಪಾಸಣೆಗೆ ಬಂದವರಿಗೆ ಏನು ತೋರಿಸಬೇಕು?" ಒಳ್ಳೆಯ ಪ್ರಶ್ನೆ, ಮೇಡಂ. ನೋಟ್‌ಬುಕ್ಕಿನ ಎಡಪುಟದಲ್ಲಿ ಮಗು ಮೊದಲು ಬರೆದದ್ದು ತಪ್ಪು ಸಮೇತ ಇರಲಿ, ಬಲಪುಟದಲ್ಲಿ ತಿದ್ದಿ ಬರೆದದ್ದು. ಎರಡಕ್ಕೂ ತಾರೀಖು, ಮೇಲೆ ಆ ವಾರ ಯಾವ ತಪ್ಪು ಹಿಡಿದಿರಿ ಅಂತ ಒಂದು ಸಾಲು. ಎಫ್‌ಎ, ಅಂದರೆ ರೂಪಣಾತ್ಮಕ ಮೌಲ್ಯಮಾಪನದ ದಾಖಲೆಗೂ ಅದೇ ಆಗುತ್ತದೆ, ಬೇರೆ ಬರೆಯುವ ಕೆಲಸ ತಪ್ಪುತ್ತದೆ. ಎಡಪುಟದ ತಪ್ಪು ನೋಡಿ ಬಂದವರು ಸಿಡುಕಿದರೆ ಬಲಪುಟ ತೋರಿಸಿ. ಅಷ್ಟಕ್ಕೂ ಸಮಾಧಾನವಾಗದಿದ್ದರೆ ಒಂದು ಮಗುವನ್ನು ಎಬ್ಬಿಸಿ, ಹೊಸ ಮೂರು ಸಾಲು ಅವರೇ ಕೊಡಲಿ, ಓದಿಸಿ ನೋಡಲಿ.